ಹೊಸ ಸಂಘಟಕರ ತರಬೇತಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಾರ್ಮಿಕರ ಪ್ರಶ್ನೆಗಳಿಗೆ ಮೀಸಲಾದ ಈ ಅಂಕಣಕ್ಕೆ ದಾವಣಗೆರೆ, ಹರಿಹರ ಮತ್ತು ಚಿತ್ರದುರ್ಗದ ಕಡೆಯಿಂದ ಬಂದಿರುವ ಪತ್ರಗಳಲ್ಲಿ ಹಲವು, ಸಂಘಕ್ಕೆ ಹೊಸ ಸಂಘಟಕರನ್ನು ತಯಾರು ಮಾಡುವ ವಿಷಯವನ್ನೇ ಕುರಿತಿರುವುದರಿಂದ ಅವುಗಳಿಗೆ ಒಟ್ಟಿಗೆ ಉತ್ತರಿಸಲಾಗಿದೆ. ಬರೆದವರ ಕೋರಿಕೆಯಂತೆ ಹೆಸರುಗಳನ್ನು ಕೊಟ್ಟಿಲ್ಲ.

ಪ್ರಶ್ನೆ: ನಮ್ಮ ಸಂಘದಲ್ಲಿ ಗಾರ್ಮೆಂಟ್ ಕಾರ್ಖಾನೆ, ಅಕ್ಕಿ ಗಿರಣಿ ಮತ್ತು ಗೋದಾಮುಗಳ ಕಾರ್ಮಿಕರಿದ್ದಾರೆ. ಸಂಘ ಕಟ್ಟಿದ ಹಿರಿಯರಿಗೆಲ್ಲ ಅರವತ್ತು ದಾಟಿದೆ. ಹಿಂದೊಮ್ಮೆ ಯುವಕರಿಗೆಂದು ಎರಡು ದಿನದ ಶಿಬಿರ ನಡೆಸಿದೆವು. ಬಂದವರಲ್ಲಿ ಒಬ್ಬರೂ ಉಳಿಯಲಿಲ್ಲ. ಈಗ ಇಬ್ಬರನ್ನು ಒಂದು ವರ್ಷದ ಮಟ್ಟಿಗೆ ತರಬೇತಿ ಸಂಘಟಕರಾಗಿ ತೆಗೆದುಕೊಳ್ಳಬೇಕೆಂದಿದ್ದೇವೆ. ಹೇಗೆ ನಡೆಸಬೇಕು? (ಕಾರ್ಯಕಾರಿ ಸಮಿತಿ ಸದಸ್ಯ, ದಾವಣಗೆರೆ)

ಉತ್ತರ: ಶಿಬಿರದಲ್ಲಿ ಕಾನೂನು ಹೇಳಿಕೊಡಬಹುದು, ಚಳವಳಿಯ ಚರಿತ್ರೆ ಹೇಳಬಹುದು. ಆದರೆ ಸಂಘಟಕನ ನಿಜವಾದ ಕೆಲಸವೆಂದರೆ, ಇನ್ನೂ ಸದಸ್ಯನಾಗದ, ಸಂಘದ ಹೆಸರು ಕೇಳಿದರೇ ಸೂಪರ್‌ವೈಸರ್ ಇರುವ ಕಡೆ ನೋಡುವ ಒಬ್ಬ ಮನುಷ್ಯನ ಜೊತೆ ಕುಳಿತು ಮಾತನಾಡುವುದು. ಅದನ್ನು ವೇದಿಕೆಯ ಮೇಲಿಂದ ಕಲಿಸಲು ಬರುವುದಿಲ್ಲ. ಮೊಳಕಾಲ್ಮೂರಿನ ರೇಷ್ಮೆ ನೇಕಾರರ ಮಕ್ಕಳು ಮಗ್ಗದ ಪಕ್ಕ ಕುಳಿತೇ ನೇಯ್ಗೆ ಕಲಿತಂತೆ, ಈ ಕೆಲಸವನ್ನೂ ಬಲ್ಲವರ ಪಕ್ಕದಲ್ಲಿದ್ದು, ಕೆಲಸದ ಜಾಗದಲ್ಲೇ ಕಲಿಯಬೇಕು.

ದಾವಣಗೆರೆಯಲ್ಲಿ ಇಂಥ ಕಲಿಕೆಗೆ ಒಂದು ಕಾಲದಲ್ಲಿ ಬೇರೆ ಏರ್ಪಾಡೇ ಬೇಕಿರಲಿಲ್ಲ. ಹತ್ತಿ ಗಿರಣಿಗಳು ನಡೆಯುತ್ತಿದ್ದಾಗ ಒಂದೇ ಸೂರಿನಡಿ ದುಡಿದು, ಒಂದೇ ಕೇರಿಗೆ ಮರಳುತ್ತಿದ್ದ ಜನರ ನಡುವೆ, ಹುಡುಗನೊಬ್ಬ ಗೇಟ್ ಮೀಟಿಂಗಿನಲ್ಲಿ ನಿಂತು, ಹಿರಿಯರ ಹಿಂದೆ ಲೇಬರ್ ಆಫೀಸಿಗೆ ನಡೆದು, ಚಂದಾ ರಸೀದಿ ಹರಿದು, ತಾನಾಗಿಯೇ ಸಂಘಟಕನಾಗುತ್ತಿದ್ದ. ಭಾರತ ಕಮ್ಯುನಿಸ್ಟ್ ಪಕ್ಷದ ಕಾರ್ಮಿಕ ಮುಖಂಡ ಪಂಪಾಪತಿ ಅವರನ್ನು ಈ ಊರು ಮತ್ತೆ ಮತ್ತೆ ವಿಧಾನಸಭೆಗೆ ಕಳುಹಿಸಿದ್ದರ ಹಿಂದೆ ಅಂಥ ಸಾವಿರಾರು ಸಣ್ಣ ಕೆಲಸಗಳಿದ್ದವು. ಗಿರಣಿಗಳು ಮುಚ್ಚಿದವು, ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಕೂಡ ಮುಚ್ಚಿತು. ಅವುಗಳೊಂದಿಗೆ ಆ ಪಾಠಶಾಲೆಯೂ ಮುಚ್ಚಿತು ಎಂಬುದನ್ನು ನಮ್ಮ ಸಂಘಗಳು ತಡವಾಗಿ ಗಮನಿಸಿವೆ. ಮಂಡಕ್ಕಿ ಭಟ್ಟಿಯಲ್ಲಿ, ಗೋದಾಮಿನಲ್ಲಿ, ಗುತ್ತಿಗೆದಾರನ ಮೂಲಕ ಬಂದು ಹೋಗುವ ಲೋಡಿಂಗ್ ಕೆಲಸದಲ್ಲಿ ಇಂದು ಜನ ಚದುರಿದ್ದಾರೆ. ತಮ್ಮ ಮಾಲೀಕ ಯಾರೆಂಬುದೇ ಕೆಲವರಿಗೆ ಖಚಿತವಿಲ್ಲ. ಆದ್ದರಿಂದ ಹಿಂದೆ ತಾನಾಗಿ ಆಗುತ್ತಿದ್ದುದನ್ನು ಈಗ ಲೆಕ್ಕ ಹಾಕಿ, ಹಣ ಇಟ್ಟು ಮಾಡಬೇಕಾಗಿದೆ.

ಬೇರೆ ದೇಶಗಳಲ್ಲಿಯೂ ಸದಸ್ಯತ್ವ ಕುಸಿದಾಗಲೇ ಈ ಯೋಚನೆ ಬಂದದ್ದು. ಅಮೆರಿಕದ ಕಾರ್ಮಿಕ ಸಂಘಗಳ ಒಕ್ಕೂಟ ಎ.ಎಫ್.ಎಲ್.-ಸಿ.ಐ.ಓ. 1989ರಲ್ಲಿಯೂ, ಆಸ್ಟ್ರೇಲಿಯಾದ ಅಂಥದೇ ಒಕ್ಕೂಟ ಎ.ಸಿ.ಟಿ.ಯು. 1994ರಲ್ಲಿಯೂ ಇಂಥ ತರಬೇತಿಯನ್ನು ಆರಂಭಿಸಿದವು. ಅವುಗಳನ್ನು ನೋಡಿ ಬ್ರಿಟನ್ನಿನ ಒಕ್ಕೂಟ ಟಿ.ಯು.ಸಿ. 1998ರಲ್ಲಿ ಸಂಘಟಕರ ಅಕಾಡೆಮಿಯನ್ನು ತೆರೆಯಿತು. ಅಲ್ಲಿ ತರಬೇತಿದಾರರನ್ನು, ಅಂದರೆ ತರಬೇತಿ ಪಡೆಯುವವರನ್ನು, ಒಂದೊಂದು ಸಂಘ ವಹಿಸಿಕೊಂಡು, ವರ್ಷವಿಡೀ ಸಂಬಳ ಕೊಟ್ಟು, ಅನುಭವಿ ಸಂಘಟಕರ ಕೈಕೆಳಗೆ ಕೆಲಸಕ್ಕೆ ಹಚ್ಚುತ್ತಿತ್ತು. ನಡುನಡುವೆ ಅವರು ತರಗತಿಗೆ ಮರಳಿ ತಾವು ಕಂಡದ್ದನ್ನು ಚರ್ಚಿಸುತ್ತಿದ್ದರು. ನೀವು ಅಲ್ಲಿಂದ ತೆಗೆದುಕೊಳ್ಳಬೇಕಾದದ್ದು ಇದನ್ನೇ: ಸಂಬಳ, ಮಾರ್ಗದರ್ಶಿ, ಮತ್ತು ಕ್ಷೇತ್ರಕ್ಕೂ ತರಗತಿಗೂ ನಡುವಿನ ಹೋಗಿಬರುವಿಕೆ. ತಿಂಗಳಿಗೆ ಇಷ್ಟು ಸದಸ್ಯರನ್ನು ತರಲೇಬೇಕೆಂಬ ಗುರಿಯನ್ನು ಮಾತ್ರ ಹೊಸಬರ ಮೇಲೆ ಹೇರಬೇಡಿ. ಗುರಿ ಮುಟ್ಟಲು ರಸೀದಿ ಹರಿಯುವವರು ಸಿಗುತ್ತಾರೆ. ಮುಂದಿನ ವರ್ಷ ಆ ಸದಸ್ಯರು ಚಂದಾ ಕೊಡುವುದಿಲ್ಲ.

ಮೊದಲ ಕೆಲವು ವಾರ ತರಬೇತಿದಾರರಿಗೆ ಭಾಷಣ ಬೇಡ, ಕರಪತ್ರವೂ ಬೇಡ. ಒಂದೇ ಕಾರ್ಖಾನೆಯನ್ನು ಆರಿಸಿಕೊಟ್ಟು ಅದರ ನಕ್ಷೆ ಬರೆಯಲು ಹೇಳಿ. ಯಾವ ವಿಭಾಗದಲ್ಲಿ ಎಷ್ಟು ಜನ, ಯಾವ ಶಿಫ್ಟ್, ಯಾರು ಖಾಯಂ, ಯಾರು ಗುತ್ತಿಗೆ, ಜಗಳೂರಿನಿಂದ ಬರುವವರು ಯಾವ ಬಸ್ಸಿಗೆ ಇಳಿಯುತ್ತಾರೆ, ಊಟದ ಹೊತ್ತಿನಲ್ಲಿ ಯಾರ ಮಾತಿಗೆ ಉಳಿದವರು ಕಿವಿಗೊಡುತ್ತಾರೆ ಎಂಬುದೆಲ್ಲ ಅದರಲ್ಲಿ ಬರಬೇಕು. ಕೊನೆಯದು ಎಲ್ಲಕ್ಕಿಂತ ಮುಖ್ಯ. ಗೇಟಿನಲ್ಲಿ ಜೋರಾಗಿ ಮಾತನಾಡುವವನೇ ಮುಖಂಡನೆಂದು ಹೊಸಬರು ಭಾವಿಸುತ್ತಾರೆ. ಆದರೆ ರಜೆ ಕೇಳುವ ಮೊದಲು, ಸಾಲ ಮಾಡುವ ಮೊದಲು ಜನ ಯಾರನ್ನು ವಿಚಾರಿಸುತ್ತಾರೋ ಅವರು ಬಹಳ ಸಲ ಹೊಲಿಗೆ ಲೈನಿನ ಮಧ್ಯದಲ್ಲಿ ಮೌನವಾಗಿ ಕುಳಿತಿರುವ ಹೆಂಗಸಾಗಿರುತ್ತಾರೆ.

ಆಮೇಲೆ ಮನೆಮನೆಗೆ ಹೋಗಿ ಒಬ್ಬೊಬ್ಬರನ್ನೇ ಮಾತನಾಡಿಸುವ ಕೆಲಸ. ಮೊದಮೊದಲು ಮಾರ್ಗದರ್ಶಿ ಮಾತನಾಡಲಿ, ತರಬೇತಿದಾರ ಕೇಳಲಿ. ಕ್ರಮೇಣ ಅದು ತಿರುಗುಮುರುಗಾಗಲಿ. ಅದೇ ಸಂಜೆ ಇಬ್ಬರೂ ಕುಳಿತು, ಆಕೆ ಏನು ಹೇಳಿದಳು, ನೀನು ಏನು ಹೇಳಿದೆ, ಆಕೆ ಓ.ಟಿ. (ಹೆಚ್ಚುವರಿ ಅವಧಿಯ ದುಡಿಮೆ) ವಿಷಯ ಎತ್ತಿದಾಗ ನೀನು ಬೋನಸ್ಸಿಗೆ ಏಕೆ ಹಾರಿದೆ ಎಂದು ಬಿಡಿಸಿ ನೋಡಬೇಕು. ಇಡೀ ವರ್ಷದ ತರಬೇತಿಯಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ಈ ಸಂಜೆಯ ಮಾತುಕತೆಯನ್ನು ಉಳಿಸಿಕೊಳ್ಳಿ ಎನ್ನುತ್ತೇನೆ. ಬಹುತೇಕ ಸಂಘಗಳಲ್ಲಿ ಮೊದಲು ತಪ್ಪಿಹೋಗುವುದೂ ಅದೇ, ಏಕೆಂದರೆ ಹಿರಿಯರಿಗೆ ಸಂಜೆ ಇನ್ನೊಂದು ಸಭೆ ಇರುತ್ತದೆ.

ನಾಲ್ಕೈದು ತಿಂಗಳ ಹೊತ್ತಿಗೆ ತರಬೇತಿದಾರರಿಗೆ ಒಂದು ಪೂರ್ಣ ವಿಷಯವನ್ನು ವಹಿಸಿಬಿಡಿ. ಅದು ಬಹಳ ಜನರನ್ನು ತಟ್ಟುವಂಥದ್ದಾಗಿರಬೇಕು, ಆಳವಾಗಿ ತಟ್ಟುವಂಥದ್ದಾಗಿರಬೇಕು, ಗೆಲ್ಲಬಹುದಾದದ್ದೂ ಆಗಿರಬೇಕು. ಸಂಬಳದ ಚೀಟಿಯಿಂದ ಶುರು ಮಾಡುವುದು ಒಳ್ಳೆಯ ದಾರಿ. ಕಾರ್ಮಿಕರ ಆರೋಗ್ಯ ವಿಮೆಯಾದ ಇ.ಎಸ್.ಐ.ಗೆ ಸಂಬಳದಲ್ಲಿ ಕಾರ್ಮಿಕರ ಪಾಲು ಶೇ. 0.75, ಮಾಲೀಕರ ಪಾಲು ಶೇ. 3.25, ಭವಿಷ್ಯನಿಧಿಗೆ ಸಾಮಾನ್ಯವಾಗಿ ಶೇ. 12. ಚೀಟಿಯಲ್ಲಿ ಕಡಿತ ಕಾಣುತ್ತದೆ, ಖಾತೆಗೆ ಜಮೆಯಾಗಿದೆಯೇ? ಹತ್ತು ಜನರ ಚೀಟಿ ಮತ್ತು ಖಾತೆಗಳನ್ನು ತಾಳೆ ನೋಡಿದ ತರಬೇತಿದಾರ, ಕಾನೂನಿನ ಪುಸ್ತಕ ಓದಿದವನಿಗಿಂತ ಗಟ್ಟಿಯಾಗಿ ಮಾತನಾಡುತ್ತಾನೆ. ಸಹಿ ಸಂಗ್ರಹ, ಆಡಳಿತಕ್ಕೆ ಪತ್ರ, ಕಾರ್ಮಿಕ ಅಧಿಕಾರಿಯ ಮುಂದಿನ ಸಂಧಾನ, ಎಲ್ಲದರಲ್ಲೂ ಅವನೇ ಮುಂದಿರಲಿ. ಸೋತರೆ ಸಾಮಾನ್ಯ ಸಭೆಯಲ್ಲಿ ಎದ್ದು ನಿಂತು ಏಕೆ ಸೋತೆವೆಂದು ವಿವರಿಸುವವನೂ ಅವನೇ ಆಗಿರಲಿ. ಜಯದೇವ ವೃತ್ತದ ಧರಣಿಗೆ ಬಾವುಟ ಕಟ್ಟುವುದು, ಜೆರಾಕ್ಸ್ ತರುವುದು ಇಷ್ಟರಲ್ಲೇ ವರ್ಷ ಕಳೆಯುವುದಾದರೆ ದಯವಿಟ್ಟು ಅದನ್ನು ತರಬೇತಿ ಎಂದು ಕರೆಯಬೇಡಿ.

ಕಾನೂನಿನ ಪಾಠಗಳನ್ನು ಕೆಲಸದ ಜೊತೆಜೊತೆಗೆ, ಬೇಕಾದಾಗ ಬೇಕಾದಷ್ಟು ಕೊಡಿ. 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ, 2020 ಜಾರಿಗೆ ಬಂದಿರುವುದರಿಂದ ಹಿರಿಯರೂ ಕೆಲವನ್ನು ಹೊಸದಾಗಿ ಕಲಿಯಬೇಕಾಗಿದೆ. ಒಂದಕ್ಕಿಂತ ಹೆಚ್ಚು ಸಂಘಗಳಿರುವ ಕಡೆ ಶೇ. 51ರಷ್ಟು ಕಾರ್ಮಿಕರ ಬೆಂಬಲವಿರುವ ಸಂಘವೇ ಏಕೈಕ ಸಂಧಾನಕಾರ ಸಂಘ, ಅಂದರೆ ಮಾಲೀಕರೊಡನೆ ಮಾತುಕತೆ ನಡೆಸುವ ಸಂಘ. ಯಾರಿಗೂ ಅಷ್ಟಿಲ್ಲದಿದ್ದರೆ, ಶೇ. 20ಕ್ಕೆ ಕಡಿಮೆಯಿಲ್ಲದ ಬೆಂಬಲವಿರುವ ಸಂಘಗಳ ಪ್ರತಿನಿಧಿಗಳ ಸಂಧಾನ ಮಂಡಳಿ. ಹಿಂದೆ ನೀರು, ವಿದ್ಯುತ್ತಿನಂಥ ಸಾರ್ವಜನಿಕ ಉಪಯುಕ್ತತಾ ಸೇವೆಗಳಿಗೆ ಮಾತ್ರ ಕಡ್ಡಾಯವಾಗಿದ್ದ ಮುಷ್ಕರದ ಪೂರ್ವ ನೋಟಿಸು ಈಗ ಎಲ್ಲ ಕೈಗಾರಿಕೆಗಳಿಗೂ ಅನ್ವಯಿಸುತ್ತದೆ. ನೋಟಿಸು ಕೊಟ್ಟ 14 ದಿನಗಳೊಳಗೆ ಮುಷ್ಕರ ಹೂಡುವಂತಿಲ್ಲ. ಗೇಟಿನ ಮುಂದೆ ದಿಢೀರನೆ ಕೆಲಸ ನಿಲ್ಲಿಸಿ ಬೆಳೆದ ಪೀಳಿಗೆಗೆ ಇದು ಒಗ್ಗುವುದಿಲ್ಲ. ಆದರೆ ಸಂಖ್ಯೆಯೇ ಮಾನ್ಯತೆಯನ್ನು ನಿರ್ಧರಿಸುವಾಗ, ಒಬ್ಬೊಬ್ಬರನ್ನೇ ಮಾತನಾಡಿಸಬಲ್ಲ ಸಂಘಟಕರ ಅಗತ್ಯ ಹಿಂದೆಂದಿಗಿಂತ ಹೆಚ್ಚಿದೆ.

ಇನ್ನು ಹಣದ ಮಾತು. ತರಬೇತಿದಾರರಿಗೆ ಕನಿಷ್ಠ ವೇತನಕ್ಕೆ ಕಡಿಮೆಯಾಗದಂತೆ ಸಂಬಳವನ್ನೂ ಓಡಾಟದ ಖರ್ಚನ್ನೂ ಕೊಡಬೇಕು. ಕನಿಷ್ಠ ವೇತನಕ್ಕಾಗಿ ಹೋರಾಡುವ ಸಂಘ ತನ್ನ ಪೂರ್ಣಾವಧಿ ಕಾರ್ಯಕರ್ತನಿಗೆ ‘ಗೌರವಧನ’ದ ಹೆಸರಿನಲ್ಲಿ ಅದಕ್ಕಿಂತ ಕಡಿಮೆ ಕೊಡುವುದು ನನಗೆ ಎಂದೂ ಅರ್ಥವಾಗಿಲ್ಲ. ಒಂದೇ ಸಂಘಕ್ಕೆ ಇದು ಭಾರವಾದರೆ ಎ.ಪಿ.ಎಂ.ಸಿ. ಹಮಾಲರ ಸಂಘ, ಬೀಡಿ ಕಾರ್ಮಿಕರ ಸಂಘಗಳಂಥ ಎರಡು ಮೂರು ಸಂಘಗಳು ಸೇರಿ ವಹಿಸಿಕೊಳ್ಳಬಹುದು. ಆಗ ಯಾರ ಕೆಲಸ ಎಷ್ಟು ದಿನ ಎಂಬುದನ್ನು ಮೊದಲೇ ನಡಾವಳಿ ಪುಸ್ತಕದಲ್ಲಿ ಬರೆದಿಡಿ.

ಮಾರ್ಗದರ್ಶಿಯ ಆಯ್ಕೆ ತರಬೇತಿದಾರರ ಆಯ್ಕೆಗಿಂತ ಕಷ್ಟ. ನಿಮ್ಮಲ್ಲಿ ಅತ್ಯುತ್ತಮ ಭಾಷಣಕಾರರಾದವರು ಬಹುಶಃ ಇದಕ್ಕೆ ತಕ್ಕವರಲ್ಲ.

ಪ್ರಶ್ನೆ: ಎಂ.ಎಸ್.ಡಬ್ಲ್ಯು. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮುಗಿಸಿದ್ದೇನೆ. ಯಾವ ಕಾರ್ಖಾನೆಯಲ್ಲೂ ದುಡಿದಿಲ್ಲ. ನಾನು ತರಬೇತಿ ಸಂಘಟಕನಾಗಬಹುದೇ? ಮುಂದೆ ಪದಾಧಿಕಾರಿಯೂ ಆಗಬಹುದೇ? (ದಾವಣಗೆರೆ)

ಉತ್ತರ: ಸಂಘದ ಸಂಬಳದ ಕಾರ್ಯಕರ್ತನಾಗಲು ಕಾನೂನಿನ ಅಡ್ಡಿಯಿಲ್ಲ. ಪದಾಧಿಕಾರಿಯಾಗಲು ಮಿತಿಯಿದೆ. ಸಂಘಟಿತ ವಲಯದ ಸಂಘದಲ್ಲಿ ಹೊರಗಿನವರು ಒಟ್ಟು ಪದಾಧಿಕಾರಿಗಳ ಮೂರನೇ ಒಂದು ಭಾಗ ಅಥವಾ ಐವರು, ಇವೆರಡರಲ್ಲಿ ಯಾವುದು ಕಡಿಮೆಯೋ ಅಷ್ಟನ್ನು ಮೀರುವಂತಿಲ್ಲ. ಅಸಂಘಟಿತ ವಲಯದಲ್ಲಿ ಕನಿಷ್ಠ ಅರ್ಧದಷ್ಟು ಪದಾಧಿಕಾರಿಗಳು ಆ ಕೆಲಸದಲ್ಲೇ ಇರುವವರಾಗಿರಬೇಕು. 1926ರ ಕಾರ್ಮಿಕ ಸಂಘಗಳ ಕಾಯ್ದೆಗೆ 2001ರಲ್ಲಿ ಆದ ತಿದ್ದುಪಡಿಯ ಈ ನಿಯಮವನ್ನು ಹೊಸ ಸಂಹಿತೆಯೂ ಉಳಿಸಿಕೊಂಡಿದೆ.

ನಿಮ್ಮ ಓದು ಅರ್ಜಿ ಬರೆಯುವುದಕ್ಕೆ, ಲೆಕ್ಕಪತ್ರಕ್ಕೆ, ವಾರ್ಷಿಕ ವರದಿಗೆ ನೆರವಾಗುತ್ತದೆ. ಅದರಿಂದಲೇ ಒಂದು ಅಪಾಯವೂ ಇದೆ: ನಾಲ್ಕು ತಿಂಗಳೊಳಗೆ ಎಲ್ಲರ ಅರ್ಜಿಯನ್ನೂ ನೀವೇ ಬರೆಯುತ್ತಿರುತ್ತೀರಿ, ನೀವಿಲ್ಲದ ದಿನ ಸಂಘದ ಬೀಗ ತೆರೆಯುವುದಿಲ್ಲ. ಪ್ರತಿ ಅರ್ಜಿಯನ್ನೂ ಸಂಬಂಧಪಟ್ಟ ಕಾರ್ಮಿಕರ ಪಕ್ಕ ಕುಳಿತು, ಅವರಿಂದಲೇ ಬರೆಸಿ. ನಿಧಾನವಾಗುತ್ತದೆ, ಆಗಲಿ.

ಪ್ರಶ್ನೆ: ಗಾರ್ಮೆಂಟ್ ಕಾರ್ಖಾನೆಯಲ್ಲಿ ಹೊಲಿಗೆ ಕೆಲಸ ಮಾಡುತ್ತೇನೆ. ಕೆಲಸದಲ್ಲಿದ್ದುಕೊಂಡೇ ಸಂಘಟಕಿಯ ತರಬೇತಿ ಪಡೆಯುವಂತೆ ಸಂಘದವರು ಹೇಳುತ್ತಿದ್ದಾರೆ. ಗೊತ್ತಾದರೆ ಕೆಲಸ ಹೋಗುತ್ತದೆಂಬ ಭಯ. ರಾತ್ರಿ ಸಭೆಗಳಿಗೆ ಮನೆಯಲ್ಲೂ ಒಪ್ಪುವುದಿಲ್ಲ. (ಚಿತ್ರದುರ್ಗ)

ಉತ್ತರ: ಸಂಘ ಸೇರಿದ್ದಕ್ಕಾಗಿ ಕೆಲಸದಿಂದ ತೆಗೆಯುವುದು, ಶಿಕ್ಷೆಯಾಗಿ ಬೇರೆಡೆಗೆ ವರ್ಗಾಯಿಸುವುದು ಕಾನೂನಿನ ದೃಷ್ಟಿಯಲ್ಲಿ ಅನುಚಿತ ಕಾರ್ಮಿಕ ಪದ್ಧತಿ. ಇದು ನಿಜ, ಆದರೆ ಕಾರಣ ಬೇರೆ ಬರೆದು ತೆಗೆಯುವುದೂ, ಪ್ರಕರಣ ವರ್ಷಗಟ್ಟಲೆ ಎಳೆಯುವುದೂ ಅಷ್ಟೇ ನಿಜ. ಹಾಗಾಗಿ ನಿಮ್ಮ ಭಯವನ್ನು ಯಾರಾದರೂ ಹೇಡಿತನವೆಂದರೆ ಕಿವಿಗೊಡಬೇಡಿ. ಒಬ್ಬರೇ ಮುಂದೆ ಬರಬೇಡಿ. ನಿಮ್ಮ ಲೈನಿನಿಂದಲೂ ಬೇರೆ ಲೈನುಗಳಿಂದಲೂ ನಾಲ್ಕೈದು ಜನ ಒಟ್ಟಾಗುವವರೆಗೆ ಹೆಸರು ಹೊರಬೀಳದಿರಲಿ. ಹಾಜರಿ, ಉತ್ಪಾದನೆ, ರಜೆ ಚೀಟಿ ಇವುಗಳಲ್ಲಿ ಬೆರಳು ತೋರಿಸಲು ಎಡೆ ಕೊಡಬೇಡಿ. ಮಾತುಕತೆ ಕೆಲಸದ ಹೊತ್ತಿನಲ್ಲಿ ಬೇಡ, ಊಟದ ಬಿಡುವಿನಲ್ಲಿ ಇರಲಿ. ಕಂಪನಿಯ ಬಸ್ಸಿನಲ್ಲಿ ಕಿವಿಗಳು ಹೆಚ್ಚು.

ಕಾನೂನು ತಾನೇ ತೆರೆದಿಟ್ಟಿರುವ ಒಂದು ಬಾಗಿಲನ್ನು ನಮ್ಮ ಸಂಘಗಳು ಸಾಕಷ್ಟು ಬಳಸುತ್ತಿಲ್ಲ. 20 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಡೆ ಕುಂದುಕೊರತೆ ನಿವಾರಣಾ ಸಮಿತಿ ಇರಲೇಬೇಕು. ಅದರಲ್ಲಿ ಮಾಲೀಕರ ಮತ್ತು ಕಾರ್ಮಿಕರ ಪ್ರತಿನಿಧಿಗಳು ಸಮಸಂಖ್ಯೆಯಲ್ಲಿರಬೇಕು, ಕಾರ್ಖಾನೆಯಲ್ಲಿ ಮಹಿಳೆಯರ ಪ್ರಮಾಣ ಎಷ್ಟಿದೆಯೋ ಅದಕ್ಕೆ ಕಡಿಮೆಯಿಲ್ಲದಷ್ಟು ಪ್ರಾತಿನಿಧ್ಯ ಅವರಿಗಿರಬೇಕು. ಹೊಲಿಗೆ ವಿಭಾಗದಲ್ಲಿ ಬಹುಪಾಲು ಹೆಂಗಸರೇ ಇರುವಾಗ ಇದರ ಅರ್ಥ ಸ್ಪಷ್ಟ. ಆ ಸಮಿತಿಯ ಸದಸ್ಯೆಯಾಗಿ ಶೌಚಾಲಯ, ಕುಡಿಯುವ ನೀರು, ಓ.ಟಿ. ಲೆಕ್ಕಗಳನ್ನು ಎತ್ತುವುದು ಒಳ್ಳೆಯ ಅಭ್ಯಾಸ. ಸಂಘದ ಬಾವುಟ ಹಿಡಿಯದೆಯೂ ಅದನ್ನು ಮಾಡಬಹುದು.

ರಾತ್ರಿ ಸಭೆಯ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನೀವಲ್ಲ, ನಿಮ್ಮ ಸಂಘ. ಭಾನುವಾರ ಬೆಳಿಗ್ಗೆ, ಯಾರದಾದರೂ ಮನೆಯಂಗಳದಲ್ಲಿ, ಮಕ್ಕಳನ್ನೂ ಕರೆತರುವಂತೆ ಸಭೆ ಕರೆಯಲಿ. ಓಬವ್ವನ ಊರಿನಲ್ಲಿ ಹೆಂಗಸರ ಧೈರ್ಯವನ್ನು ಹೊಗಳುವ ಭಾಷಣಗಳಿಗೆ ಕೊರತೆಯಿಲ್ಲ. ಸಭೆಯ ಸಮಯ ಬದಲಾಯಿಸಲು ಮಾತ್ರ ಯಾರೂ ಸಿದ್ಧರಿಲ್ಲ.

ಪ್ರಶ್ನೆ: ಐ.ಟಿ.ಐ. ಮುಗಿಸಿ ಅಪ್ರೆಂಟಿಸ್ ಆಗಿದ್ದೇನೆ. ಸಂಘದ ತರಬೇತಿಗೂ ಸೇರಬಹುದೇ? (ಹರಿಹರ)

ಉತ್ತರ: 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ನೀವು ತರಬೇತಿಯಲ್ಲಿರುವವರು, ಕಾರ್ಮಿಕರಲ್ಲ, ಹೊಸ ಸಂಹಿತೆಯೂ ‘ಕಾರ್ಮಿಕ’ರ ವ್ಯಾಖ್ಯೆಯಿಂದ ನಿಮ್ಮನ್ನು ಹೊರಗಿಟ್ಟಿದೆ. ಕೆಲಸದಿಂದ ಕಳುಹಿಸಿದರೆ ಕಾಯಂ ಕಾರ್ಮಿಕರಿಗಿರುವ ರಕ್ಷಣೆ ನಿಮಗೆ ದೊರೆಯುವುದು ಕಷ್ಟ. ಬಿಡುವಿನಲ್ಲಿ ಸಂಘದ ತರಗತಿಗೆ ಹೋಗಿ ಕಲಿಯಿರಿ. ಹೊಣೆ ಹೊರುವುದನ್ನು ಅವಧಿ ಮುಗಿದ ಮೇಲೆ ಯೋಚಿಸಿ.

ಪ್ರಶ್ನೆ: ಎಣ್ಣೆ ಗಿರಣಿಯ ಹಮಾಲಿ. ಸರ್ಕಾರದಿಂದ ಇಂಥ ತರಬೇತಿ ಸಿಗುತ್ತದೆಯೇ? ಸರ್ಟಿಫಿಕೇಟ್ ಇದೆಯೇ? (ಚಳ್ಳಕೆರೆ)

ಉತ್ತರ: ಕಾರ್ಮಿಕರ ಶಿಕ್ಷಣಕ್ಕೆಂದು ಕೇಂದ್ರ ಸರ್ಕಾರ 1958ರಲ್ಲಿ ಸ್ಥಾಪಿಸಿದ ಮಂಡಳಿ ಈಗ ದತ್ತೋಪಂತ ಠೇಂಗಡಿ ರಾಷ್ಟ್ರೀಯ ಕಾರ್ಮಿಕ ಶಿಕ್ಷಣ ಮತ್ತು ಅಭಿವೃದ್ಧಿ ಮಂಡಳಿ ಎಂಬ ಹೆಸರಿನಲ್ಲಿದೆ. ಅಸಂಘಟಿತ ಕಾರ್ಮಿಕರಿಗೂ ಅದು ತರಗತಿ ನಡೆಸುತ್ತದೆ, ನಿಮ್ಮ ಸಂಘ ಲಿಖಿತವಾಗಿ ಕೋರಬಹುದು. ಅಲ್ಲಿ ಹಕ್ಕು, ಯೋಜನೆ, ಸುರಕ್ಷತೆಗಳ ಪರಿಚಯವಾಗುತ್ತದೆ. ಸಂಘಟಕನಾಗಲು ಯಾವ ಸರ್ಟಿಫಿಕೇಟೂ ಬೇಕಿಲ್ಲ. ನೋಂದಣಿಗೆ ಬೇಕಾದದ್ದು ಕನಿಷ್ಠ ಏಳು ಸದಸ್ಯರು, ಜೊತೆಗೆ ಆ ಕೆಲಸದಲ್ಲಿರುವ ಕಾರ್ಮಿಕರಲ್ಲಿ ಶೇ. 10ರಷ್ಟು ಅಥವಾ ನೂರು ಜನ, ಯಾವುದು ಕಡಿಮೆಯೋ ಅದು. ನಿಮ್ಮ ಗಿರಣಿಯ ಜೊತೆಗೆ ಅಕ್ಕಪಕ್ಕದ ಗಿರಣಿಗಳ ಹಮಾಲರನ್ನೂ ಸೇರಿಸಿಕೊಂಡು, ಮೊದಲು ಅವರ ಹೆಸರು, ಊರು, ಮೇಸ್ತ್ರಿ, ಮೂಟೆಗೆ ಸಿಗುವ ದರ ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಲು ತೊಡಗಿ. ದರಗಳು ಗಿರಣಿಯಿಂದ ಗಿರಣಿಗೆ ಬೇರೆಯಾಗಿರುವುದು ಆ ಪಟ್ಟಿಯಲ್ಲೇ ಕಾಣುತ್ತದೆ. ಮೊದಲ ಸಭೆಗೆ ವಿಷಯ ಅದೇ.