ಪಕ್ಕದವರ ಮೊಣಕಾಲು, ನಿಮ್ಮ ಸೀಟು

ಪ್ರಶ್ನೆ: ದಿನಾ ಒಂದೂವರೆ ಗಂಟೆ ರೈಲಿನಲ್ಲಿ ಓಡಾಡುತ್ತೇನೆ. ಪಕ್ಕದಲ್ಲಿ ಬಂದು ಕೂರುವವರು ಕಾಲು ಅಗಲಿಸಿಕೊಂಡು ನನ್ನ ಅರ್ಧ ಸೀಟನ್ನೂ ತಮ್ಮದು ಮಾಡಿಕೊಳ್ಳುತ್ತಾರೆ. ನಾನು ಕಿಟಕಿಗೆ ಒತ್ತಿಕೊಂಡಷ್ಟೂ ಅವರು ಹರಡಿಕೊಳ್ಳುತ್ತಾರೆ. ಕೆಲವರಂತೂ ನನ್ನ ಮೊಬೈಲಿಗೇ ಕಣ್ಣು ಹಾಕುತ್ತಾರೆ. ಹೇಳಿದರೆ ಜಗಳಗಂಟಿ ಅಂದುಕೊಳ್ಳುತ್ತಾರೇನೋ. ಸುಮ್ನೆ ಇದ್ದುಬಿಡಲಾ?

ಉತ್ತರ: ಸುಮ್ನೆ ಇರಬೇಡಿ. ನೀವು ಕಿಟಕಿಗೆ ಒತ್ತಿಕೊಳ್ಳುತ್ತೀರಲ್ಲ, ಎಡವಟ್ಟಾಗುತ್ತಿರುವುದೇ ಅಲ್ಲಿ. ನಿಮ್ಮ ಮನಸ್ಸಿನಲ್ಲಿ ಅದು 'ಸ್ವಲ್ಪ ಆ ಕಡೆ ಹೋಗಿ' ಅನ್ನುವ ಸೂಚನೆ, ಅವರಿಗೆ ಕಾಣುವುದು ಮಾತ್ರ ನಾಲ್ಕು ಬೆರಳು ಖಾಲಿ ಜಾಗ. ನೀವೊಬ್ಬರೇ ಹೀಗಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ನ್ಯಾನ್ಸಿ ಫೆಲಿಪೆ ಮತ್ತು ರಾಬರ್ಟ್ ಸೋಮರ್ 1966ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಲೈಬ್ರರಿಯಲ್ಲಿ ಒಂಟಿಯಾಗಿ ಓದುತ್ತಿದ್ದವರ ಪಕ್ಕ ಅಧ್ಯಯನದ ಕಡೆಯವರು ಬೇಕಂತಲೇ ತೀರಾ ಹತ್ತಿರ ಹೋಗಿ ಕೂರುತ್ತಿದ್ದರು. ಓದುತ್ತಿದ್ದವರು ಮೈ ತಿರುಗಿಸಿದರು, ಮೊಣಕೈ ಅಡ್ಡ ಇಟ್ಟರು, ಕೊನೆಗೆ ಎಷ್ಟೋ ಜನ ಎದ್ದೇ ಹೋದರು. ಸರಿಯಿರಿ ಅಂತ ಬಾಯಿಬಿಟ್ಟು ಹೇಳಿದವರು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ.

ಹೇಳುವ ಮೊದಲು ಒಂದು ವಿಷಯ. ಸುಮಾರು 45 ಸೆಂಟಿಮೀಟರಿಗಿಂತ ಹತ್ತಿರದ ಜಾಗ ತೀರಾ ಆಪ್ತರಿಗೆ ಮೀಸಲು ಅಂತ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ ತಾವು ಗಮನಿಸಿದ ಅಮೆರಿಕನ್ನರ ಬಗ್ಗೆ ಬರೆದಿದ್ದರು. ಎಷ್ಟೋ ವಾಹನಗಳಲ್ಲಿ ಸೀಟಿನ ಅಗಲವೇ ಹೆಚ್ಚುಕಡಿಮೆ ಅಷ್ಟು! ಹಾಗಾಗಿ ಭುಜಕ್ಕೆ ಭುಜ ತಾಗಿದರೆ ಅದನ್ನು ಬಿಟ್ಟುಬಿಡಿ, ಭುಜ ಮಡಚೋಕಾಗಲ್ಲ. ಮೊಣಕಾಲು ಹತ್ತಿರ ತಂದುಕೊಳ್ಳಬಹುದು, ಮಡಿಲಲ್ಲಿರುವ ಬ್ಯಾಗನ್ನು ನೇರ ಮಾಡಬಹುದು. ಕೇಳಬೇಕಾದ್ದು ಅಷ್ಟನ್ನೇ.

ಕೇಳುವುದನ್ನು ಅವರು ಬಂದು ಕೂತ ಎರಡು ನಿಮಿಷದೊಳಗೆ ಕೇಳಿ. ಅರ್ಧ ಗಂಟೆ ಒಳಗೊಳಗೇ ಬೈದುಕೊಂಡು ಆಮೇಲೆ ಹೇಳಿದರೆ, 'ಸ್ವಲ್ಪ ಜಾಗ ಕೊಡಿ' ಅನ್ನುವುದರಲ್ಲೂ ಆ ಅರ್ಧ ಗಂಟೆಯ ಸಿಟ್ಟು ಕೇಳಿಸುತ್ತದೆ. 'ಇಲ್ಲಿ ಜಾಗ ಸಾಲ್ತಿಲ್ಲ, ಕಾಲು ಸ್ವಲ್ಪ ಆ ಕಡೆ ಇಟ್ಕೊಳ್ತೀರಾ?' ಅಂದರೆ ಸಾಕು. ಒಮ್ಮೆ ನಾನು ಹೀಗೆ ಕೇಳಿದಾಗ ಪಕ್ಕದವರು ಪಾಪ, ಮಂಡಿ ಆಪರೇಷನ್ ಆಗಿದೆ, ಮಡಚೋಕೆ ಬರಲ್ಲ ಅಂದರು. ಸೀಟು ಬದಲಾಯಿಸಿಕೊಂಡೆವು, ಅವರ ಕಾಲು ಓಡಾಡುವ ದಾರಿಯ ಕಡೆ ಹೋಯಿತು, ಇಬ್ಬರೂ ಆರಾಮಾಗಿ ಕೂತೆವು. ಅದಕ್ಕೂ ಮುಂಚಿನ ಎರಡು ಸ್ಟೇಷನ್ ಪೂರ್ತಿ ನಾನು ಅವರನ್ನು ಮನಸ್ಸಲ್ಲೇ ಹರಿದು ಹಾಕಿದ್ದೆ ಅಂತ ಅವರಿಗೆ ಹೇಳಲಿಲ್ಲ ಬಿಡಿ.

ಮೊಬೈಲ್ ಇಣುಕುವವರಿಗೆ ಮಾತೂ ಬೇಡ. ಸ್ಕ್ರೀನ್ ಆರಿಸಿ, ತಲೆಯೆತ್ತಿ ಒಮ್ಮೆ ಅವರ ಕಡೆ ನೋಡಿ.

ಆದರೆ ಬೇಕಂತಲೇ ಮೈಗೆ ಮೈ ಉಜ್ಜುವವರ ವಿಷಯ ಬೇರೆ. ಅಲ್ಲಿ ದಯವಿಟ್ಟು ಗಿಯವಿಟ್ಟು ಏನೂ ಬೇಡ. ಸುತ್ತಲಿನವರಿಗೆ ಕೇಳುವಂತೆ 'ದೂರ ಕೂತ್ಕೊಳ್ಳಿ' ಅನ್ನಿ, ಎದ್ದು ಬನ್ನಿ, ಸಿಬ್ಬಂದಿಗೆ ತಿಳಿಸಿ. ಜಗಳಗಂಟಿ ಅಂದರೆ ಅನ್ನಲಿ.

ಪ್ರಶ್ನೆ: ಪಕ್ಕದ ಖಾಲಿ ಸೀಟಿನಲ್ಲಿ ಬ್ಯಾಗ್ ಇಡುವುದು ತಪ್ಪಾ? ಯಾರಾದರೂ ಕೇಳಿದರೆ ತೆಗೆಯುತ್ತೇನಲ್ವಾ?

ಉತ್ತರ: ಡಬ್ಬಿ ಖಾಲಿ ಇದ್ದರೆ ಇಡಿ. ಜನ ಹತ್ತತೊಡಗಿದ ಕೂಡಲೇ ಮಡಿಲಿಗೆ ಎತ್ತಿಕೊಳ್ಳಿ. 'ಇಲ್ಲಿ ಯಾರಾದ್ರೂ ಇದ್ದಾರಾ?' ಅಂತ ಒಬ್ಬರು ಕೇಳುವಷ್ಟರಲ್ಲಿ, ಕೇಳಲು ಸಂಕೋಚವಾದ ನಾಲ್ಕು ಜನ ಮುಂದೆ ಹೋಗಿ ಕಂಬಿ ಹಿಡಿದು ನಿಂತಾಗಿರುತ್ತದೆ.