ಧರ್ಮ ಮತ್ತು ಸಮಾಜದ ಬಗ್ಗೆ ಓದಬೇಕು ಅಂದರೆ ಯಾವ ಎಂಎ ಮಾಡಬೇಕು?

ಹಾಸನದಲ್ಲಿ ಬಿಎ ಮುಗಿಸಿದ್ದೀರಿ, ಮುಂದೆ ಧರ್ಮ ಮತ್ತು ಸಮಾಜದ ಬಗ್ಗೆ ಪಿಎಚ್‌ಡಿ ಮಾಡುವ ಆಸೆ, ಅದಕ್ಕೇ ಅಂತ ಇರುವ ಎಂಎ ಯಾವುದು ಅಂತ ಕೇಳಿದ್ದೀರಿ. ನಾನೂ ಹಾಸನದವಳೇ, ಸಮಾಜಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ‘ದೇವರ ಬಗ್ಗೆ ಓದಿ ಏನಾಗ್ತೀಯ, ಪೂಜಾರಿನಾ?’ ಅಂತ ನೆಂಟರು ನಿಮ್ಮನ್ನೂ ಕೇಳುತ್ತಾರೆ, ಈಗಲೇ ರೆಡಿಯಾಗಿ.

ಧರ್ಮ ಅಂತ ಬೋರ್ಡು ಇರುವ ವಿಭಾಗ ಹುಡುಕಬೇಡಿ. ಸಮಾಜಶಾಸ್ತ್ರ, ಇತಿಹಾಸ, ಮಾನವಶಾಸ್ತ್ರ, ಕನ್ನಡ, ಇವುಗಳಲ್ಲಿ ಒಂದನ್ನು ಹಿಡಿಯಿರಿ, ಧರ್ಮ ಅದರೊಳಗಿನ ವಿಷಯವಾಗಿರಲಿ. ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ಯುಜಿಸಿ ನೆಟ್‌ನಲ್ಲಿ ಧರ್ಮಗಳ ತೌಲನಿಕ ಅಧ್ಯಯನ ಅಂತ ಒಂದು ವಿಷಯ ಇದೆ, ಆದರೆ ನಮ್ಮ ಡಿಗ್ರಿ ಕಾಲೇಜುಗಳಲ್ಲಿ ಅದನ್ನು ಪಾಠ ಮಾಡುವ ಹುದ್ದೆ ಎಲ್ಲಿದೆ ಹೇಳಿ? ಮೈಸೂರಿನ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರನ್ನೇ ನೋಡಿ. 1952ರಲ್ಲಿ ಬಂದ ಅವರ ಪುಸ್ತಕ ಕೊಡವರ ಧರ್ಮ ಮತ್ತು ಸಮಾಜದ ಮೇಲೆಯೇ. ಆದರೆ ಮುಂಬೈ, ಆಕ್ಸ್‌ಫರ್ಡ್ ಎರಡೂ ಕಡೆ ಅವರು ಕಲಿತದ್ದು ಸಮಾಜಶಾಸ್ತ್ರ, ಮಾನವಶಾಸ್ತ್ರ. ನಿಮಗೆ ಹಳೆಯ ಗ್ರಂಥಗಳೇ ಬೇಕು ಅಂದರೆ ಮಾತು ಬೇರೆ. ಆಗ ಮೈಸೂರು ವಿವಿಯ ಜೈನಶಾಸ್ತ್ರ ಮತ್ತು ಪ್ರಾಕೃತ ವಿಭಾಗ ಇದೆ, ನಮ್ಮ ಶ್ರವಣಬೆಳಗೊಳದಲ್ಲೇ ಪ್ರಾಕೃತ ಸಂಶೋಧನಾ ಸಂಸ್ಥೆ ಇದೆ. ಪ್ರಾಕೃತದಂಥ ಹಳೆಯ ಭಾಷೆ ಕಲಿಯೋ ತಾಳ್ಮೆ ಮಾತ್ರ ಜಾಸ್ತಿ ಬೇಕು.

ದುಡ್ಡಿನ ವಿಷಯ. ನೆಟ್‌ನಲ್ಲಿ ಜೆಆರ್‌ಎಫ್, ಅಂದರೆ ಸಂಶೋಧನೆಗೆ ಕೊಡುವ ಫೆಲೋಶಿಪ್, ಬಂದರೆ 2023ರ ಪರಿಷ್ಕರಣೆ ಪ್ರಕಾರ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಜೆಆರ್‌ಎಫ್ ಇಲ್ಲದೆ ಪಿಎಚ್‌ಡಿಗೆ ಸೇರುವ ಮುಂಚೆ ಮನೆಯಲ್ಲಿ ಕೂತು ಲೆಕ್ಕ ಹಾಕಿ.

ಇನ್ನು ವಿಷಯ ಹುಡುಕೋಕೆ ದೂರ ಹೋಗಬೇಕಿಲ್ಲ. ಹಾಸನಾಂಬೆಯನ್ನೇ ತೆಗೆದುಕೊಳ್ಳಿ. ವರ್ಷಕ್ಕೊಮ್ಮೆ ಆಶ್ವಯುಜದಲ್ಲಿ, ಅರಸು ವಂಶಸ್ಥರು ಬಾಳೆಕಂದು ಕಡಿದ ಮೇಲೆ ಗುಡಿಯ ಬಾಗಿಲು ತೆಗೆಯುತ್ತಾರೆ. ಆರದ ದೀಪ, ಬಾಡದ ಹೂವು ಅಂತ ಪೇಪರಿನವರು ಪ್ರತಿ ವರ್ಷ ಬರೆಯುತ್ತಾರೆ. ಅದು ಹಾಗಿರಲಿ, ನೀವು ಸಾಲು ನೋಡಿ. ಧರ್ಮದರ್ಶನಕ್ಕೆ ಒಂದು ಸಾಲು, 300 ರೂಪಾಯಿ ಟಿಕೆಟ್ಟಿಗೆ ಒಂದು, 1,000ಕ್ಕೆ ಇನ್ನೊಂದು, ಇವು ಮೂರನ್ನೂ ಬಿಟ್ಟು ಪಾಸ್ ಹಿಡಿದು ಬರುವವರು. ಯಾರು ಯಾವ ಸಾಲಿನಲ್ಲಿ ನಿಲ್ಲುತ್ತಾರೆ, ಬಿಸಿಲಲ್ಲಿ ನಿಂತವರು ಪಾಸಿನವರನ್ನು ಕಂಡು ಏನಂತಾರೆ, ಪೊಲೀಸರು ಯಾರಿಗೆ ‘ಮುಂದೆ ನಡೀರಿ’ ಅಂತಾರೆ, ಯಾರಿಗೆ ‘ಬನ್ನಿ ಸರ್’ ಅಂತಾರೆ. ಕೊನೆಗೆ ಹುಂಡಿ ಎಣಿಸುವಾಗ ನೋಟಿನ ಜೊತೆ ಚೀಟಿಗಳೂ ಸಿಗುತ್ತವೆ: ಪರೀಕ್ಷೆ ಪಾಸ್ ಮಾಡಿಸು ತಾಯಿ, ಮದುವೆ ಮಾಡಿಸು, ಸಾಲ ತೀರಿಸು. ಜನ ಏನನ್ನು ನಂಬುತ್ತಾರೆ ಅಂತ ಹೋಗಿ ಕೇಳಿದರೆ ಪುಸ್ತಕದ ಉತ್ತರ ಕೊಡುತ್ತಾರೆ, ಯಾತಕ್ಕೆ ಭಯಪಡುತ್ತಾರೆ ಅನ್ನೋದು ಆ ಚೀಟಿಯಲ್ಲಿ ಇರುತ್ತದೆ.

ಬೇಲೂರಿನ ಚೆನ್ನಕೇಶವನ ತೇರಿನ ಹೊತ್ತಿನ ಕುರಾನ್ ಪಠಣ, ಹಿಂದೂಗಳು ಮುಸ್ಲಿಮರು ಇಬ್ಬರೂ ನಡೆದುಕೊಳ್ಳುವ ಬಾಬಾಬುಡನ್‌ಗಿರಿ, ಇವೂ ಒಳ್ಳೆಯ ವಿಷಯಗಳೇ. ಆದರೆ ಮೊದಲ ಕೆಲಸಕ್ಕೆ ಇವನ್ನು ತಗೋಬೇಡಿ ಅನ್ನೋದು ನನ್ನ ಅಭಿಪ್ರಾಯ. 2022ರಲ್ಲಿ ಬೇಲೂರಿನ ಗಲಾಟೆ ಆದಮೇಲೆ ಎಲ್ಲರ ಬಾಯಲ್ಲೂ ರೆಡಿ ಉತ್ತರ ಇದೆ. ಬಾಬಾಬುಡನ್‌ಗಿರಿ ವರ್ಷಗಟ್ಟಲೆ ಕೋರ್ಟಿನಲ್ಲಿದ್ದದ್ದು, ಅಲ್ಲಿ ನೀವು ಯಾರ ಕಡೆಯವರು ಅಂತ ತಿಳಿಯದೆ ಯಾರೂ ಬಾಯಿ ಬಿಡಲ್ಲ.

ಹಾಗೆ ನೋಡಿದರೆ ಎಲ್ಲೇ ಹೋಗಿ, ಮೊದಲ ಪ್ರಶ್ನೆ ಕೇಳೋದು ನೀವಲ್ಲ, ಅವರು. ‘ನೀವು ಯಾವ ಜನ?’ ಉತ್ತರ ಕೇಳಿದ ಮೇಲೆ ಕೆಲವರು ಒಳಗೆ ಕರೆದು ಕಾಫಿ ಕೊಡುತ್ತಾರೆ, ಕೆಲವರು ಜಗಲಿಯಲ್ಲೇ ಮಾತು ಮುಗಿಸುತ್ತಾರೆ. ಎರಡನ್ನೂ ಅವತ್ತೇ ಬರೆದಿಡಿ. ಪಿಎಚ್‌ಡಿಗೆ ಗೈಡ್ ಹುಡುಕುವಾಗಲೂ ಇದನ್ನೇ ಕೇಳಿ: ಇಂಥ ಟಿಪ್ಪಣಿ ಓದಿ, ಕೂತು ಮಾತಾಡೋರಾ, ಅಥವಾ ಸುಮ್ನೆ ಸಹಿ ಹಾಕೋರಾ? ಅದನ್ನು ಅವರ ಹಳೆಯ ವಿದ್ಯಾರ್ಥಿಗಳೇ ಹೇಳುತ್ತಾರೆ, ಫೋನ್ ಮಾಡಿ.