ಟ್ರಾಲಿ ತಳ್ಳೋದೂ ಒಂದು ಕೆಲಸವಾ?

ಪ್ರಶ್ನೆ: ನನಗೆ 24 ವರ್ಷ, ಊರು ಅರಸೀಕೆರೆ ಹತ್ತಿರ. ಶೂಟಿಂಗ್ ಸಾಮಾನು ಬಾಡಿಗೆಗೆ ಕೊಡುವ ಬೆಂಗಳೂರಿನ ಒಂದು ಔಟ್‌ಡೋರ್ ಯೂನಿಟ್‌ನಿಂದ ಟ್ರ್ಯಾಕ್ ಅಂಡ್ ಟ್ರಾಲಿ (ಹಳಿ ಮೇಲೆ ಕ್ಯಾಮೆರಾ ಓಡಿಸುವ ಗಾಡಿ), ಜಿಮ್ಮಿ ಜಿಬ್ (ಕ್ಯಾಮೆರಾ ಎತ್ತುವ ಉದ್ದ ತೋಳು) ಜೊತೆ ಶೂಟಿಂಗ್‌ಗೆ ಹೋಗುತ್ತೇನೆ. ಮನೆಯಲ್ಲಿ ‘ಟ್ರಾಲಿ ತಳ್ಳೋದೂ ಒಂದು ಕೆಲಸವಾ’ ಅಂತಾರೆ. ಗ್ರಿಪ್ ಆಗಿಯೇ, ಅಂದರೆ ಕ್ಯಾಮೆರಾ ಕೂರಿಸಿ ಓಡಿಸುವ ಕೆಲಸದಲ್ಲೇ, ಮುಂದುವರಿದರೆ ಭವಿಷ್ಯ ಇದೆಯಾ? ಇದಕ್ಕೆ ಕೋರ್ಸ್ ಇದೆಯಾ?

ಉತ್ತರ: ಭವಿಷ್ಯ ಇದೆ. ಆದರೆ ಯೂನಿಟ್‌ನಲ್ಲಿ ಸುಮ್ನೆ ವರ್ಷ ಕಳೆದರೆ ಅದು ತಾನಾಗಿ ಬರುವುದಿಲ್ಲ.

ಮೊದಲು ಮನೆಯವರ ಮಾತಿಗೆ ಬರೋಣ. ತಳ್ಳೋದು ಕೆಲಸದ ಸಣ್ಣ ಭಾಗ. ಏರುತಗ್ಗಿನ ನೆಲದಲ್ಲಿ ಟ್ರ್ಯಾಕ್ ಹಾಸಿ, ಬೆಣೆ ಕೊಟ್ಟು, ಸ್ಪಿರಿಟ್ ಲೆವೆಲ್ ಇಟ್ಟು ಮಟ್ಟ ಮಾಡಬೇಕು. ಟ್ರಾಲಿ ಹೊರಟಿದ್ದೂ ನಿಂತಿದ್ದೂ ನೋಡುವವರಿಗೆ ಗೊತ್ತಾಗಬಾರದು. ಫೋಕಸ್ ಎಳೆಯುವವರು ನೀವು ಟೇಪ್ ಅಂಟಿಸಿದ ಮಾರ್ಕ್ ನಂಬಿಕೊಂಡಿರುತ್ತಾರೆ, ನೀವು ಅರ್ಧ ಅಡಿ ಮುಂದೆ ಹೋದರೆ ನಟರ ಮುಖ ಮಸುಕಾಗುತ್ತದೆ, ಆ ಟೇಕ್ ಹೋಯಿತು. ನಟರು ರಿಹರ್ಸಲ್‌ನಲ್ಲಿ ನಡೆದ ಹಾಗೇ ಟೇಕ್‌ನಲ್ಲಿ ನಡೆಯುತ್ತಾರಾ? ಇಲ್ಲ. ಅದನ್ನು ಆ ಕ್ಷಣದಲ್ಲೇ ನೋಡಿಕೊಂಡು ವೇಗ ಬದಲಿಸುವವರು ನೀವು. ಇದು ಕೈಗೆ ಹತ್ತಬೇಕಾದ ವಿದ್ಯೆ.

ಇದಕ್ಕಿಂತ ದೊಡ್ಡದು ಜೀವದ ಹೊಣೆ. ಕ್ರೇನ್ ಅಥವಾ ಜಿಬ್‌ನ ಒಂದು ತುದಿಯಲ್ಲಿ ಕ್ಯಾಮೆರಾ, ಇನ್ನೊಂದು ತುದಿಯಲ್ಲಿ ತೂಕದ ಬಿಲ್ಲೆಗಳು. ತೂಕ ಇಳಿಸುವ ಮೊದಲೇ ಯಾರಾದರೂ ಕ್ಯಾಮೆರಾ ಬಿಚ್ಚಿದರೆ ತೋಳು ರಪ್ಪನೆ ಮೇಲೆ ಹಾರುತ್ತದೆ. ಆಪರೇಟರ್ ಕೂರುವ ಕ್ರೇನ್ ಆದರೆ ಇನ್ನೂ ಅಪಾಯ. ಅದಕ್ಕೇ ಗ್ರಿಪ್ ಹೇಳುವ ತನಕ ಸೀಟಿನಿಂದ ಯಾರೂ ಇಳಿಯುವ ಹಾಗಿಲ್ಲ, ಡೈರೆಕ್ಟರ್ ಅವಸರ ಮಾಡಿದರೂ ಸರಿ. ಕ್ರೇನ್ ಎತ್ತುವ ಮೊದಲು ತಲೆ ಎತ್ತಿ ಕರೆಂಟ್ ತಂತಿ ನೋಡಿ. ಗಾಳಿ ಎಷ್ಟಿದೆ, ಈ ಕ್ರೇನ್ ಎಷ್ಟು ಗಾಳಿ ತಡೆಯುತ್ತದೆ ಅಂತ ತಯಾರಕರ ಕೈಪಿಡಿಯಲ್ಲಿ ಓದಿರಬೇಕು. 2020ರ ಫೆಬ್ರವರಿಯಲ್ಲಿ ಚೆನ್ನೈ ಹತ್ತಿರದ ಇವಿಪಿ ಫಿಲ್ಮ್ ಸಿಟಿಯಲ್ಲಿ ಕ್ರೇನ್ ಬಿದ್ದು 3 ಜನ ಹೋದರು. 2021ರ ಆಗಸ್ಟ್‌ನಲ್ಲಿ ನಮ್ಮ ಬಿಡದಿ ಹತ್ತಿರವೇ ಫೈಟ್ ಸೀನ್ ತೆಗೆಯುವಾಗ ಹೈಟೆನ್ಷನ್ ತಂತಿಯ ಕರೆಂಟ್ ಹೊಡೆದು ಒಬ್ಬ ಫೈಟರ್ ತೀರಿಕೊಂಡರು. ಎರಡೂ ಕ್ಯಾಮೆರಾ ಗ್ರಿಪ್‌ನ ಕೆಲಸದಲ್ಲಿ ಆದದ್ದಲ್ಲ, ಆದರೆ ‘ಇದು ಸೇಫ್ ಅಲ್ಲ, ನಿಲ್ಲಿಸಿ’ ಅನ್ನುವ ಅಧಿಕಾರ ಇರುವ ಒಬ್ಬರು ಸೆಟ್‌ನಲ್ಲಿ ಯಾಕೆ ಬೇಕು ಅಂತ ತೋರಿಸುತ್ತವೆ. ನನ್ನ ಪ್ರಕಾರ ಈ ವೃತ್ತಿಯ ಗೌರವ ಶುರುವಾಗೋದೇ ಆ ಅಧಿಕಾರದಿಂದ.

ನಮ್ಮಲ್ಲಿ ಆ ಗೌರವ ಯಾಕೆ ಬಂದಿಲ್ಲ? ಗ್ರಿಪ್ ಇಲ್ಲಿ ಸಾಮಾನಿನ ಜೊತೆ ಬರುವ ಮನುಷ್ಯ. ಯೂನಿಟ್ ಬಿಲ್ ಮಾಡೋದು ಟ್ರಾಲಿಗೆ, ಜಿಬ್‌ಗೆ. ಹುಡುಗರಿಗೆ ಸಿಗೋದು ಬಾಟಾ, ಅಂದರೆ ದಿನದ ಭತ್ಯೆ. ಟೈಟಲ್ ಕಾರ್ಡ್‌ನಲ್ಲೂ ಹೆಚ್ಚಾಗಿ ಯೂನಿಟ್ ಹೆಸರು ಬರುತ್ತದೆ, ತಳ್ಳಿದವರದ್ದು ಬರಲ್ಲ. ಬ್ರಿಟನ್‌ನಲ್ಲಿ ಗ್ರಿಪ್‌ಗಳಿಗೆಂದೇ ಎನ್‌ವಿಕ್ಯೂ ಅನ್ನುವ ವೃತ್ತಿ ಅರ್ಹತೆ ಬಂತು, ಲೆವೆಲ್ 2 ಮತ್ತು 3. ಅದು ಕ್ಲಾಸ್‌ನಲ್ಲಿ ಕೂತು ಪಡೆಯುವ ಸರ್ಟಿಫಿಕೇಟ್ ಅಲ್ಲ, ಕೆಲಸ ಮಾಡುತ್ತಿರುವಾಗಲೇ ನೋಡಿ ಅಳೆಯುತ್ತಾರೆ. ಅಲ್ಲಿನ ಸಿನಿಮಾ, ಟಿವಿ ಕೆಲಸಗಾರರ ಬೆಕ್ಟು ಯೂನಿಯನ್‌ನಲ್ಲಿ ಗ್ರಿಪ್‌ಗಳಿಗೆ ಬೇರೆ ಶಾಖೆ ಇದೆ. ಹಾಲಿವುಡ್‌ನಲ್ಲಿ ಗ್ರಿಪ್‌ಗಳಿಗೆ ಲೋಕಲ್ 80 ಅನ್ನುವ ಸಂಘ. ಅಮೆರಿಕದ ಗ್ರಿಪ್‌ಗಳು ಬೆಳಕು ತಡೆಯುವ ಫ್ಲ್ಯಾಗ್, ಬಟ್ಟೆ ಎಲ್ಲವನ್ನೂ ನೋಡಿಕೊಳ್ಳುತ್ತಾರೆ. ಬ್ರಿಟನ್‌ನಲ್ಲಿ ಗ್ರಿಪ್ ಅಂದರೆ ಕ್ಯಾಮೆರಾ ಕೂರಿಸೋದು, ಓಡಿಸೋದು ಮಾತ್ರ. ನಮ್ಮ ಪದ್ಧತಿ ಬ್ರಿಟನ್‌ಗೆ ಹತ್ತಿರ, ಬೆಳಕು ತಡೆಯುವ ಕಟರ್ ಹಿಡಿಯೋದು ಇಲ್ಲಿ ಲೈಟ್‌ನವರ ಕೆಲಸ ಅಲ್ವಾ.

ಕೋರ್ಸ್ ಬಗ್ಗೆ: ಹೆಸರಘಟ್ಟದ ಸರ್ಕಾರಿ ಇನ್‌ಸ್ಟಿಟ್ಯೂಟ್‌ನಲ್ಲಿ ಸಿನಿಮಾಟೋಗ್ರಫಿ ಡಿಪ್ಲೊಮಾ ಇದೆ, ಆದರೆ ಅದು ಕ್ಯಾಮೆರಾಮನ್ ಆಗುವವರಿಗೆ. ನಿಮ್ಮ ಕಲಿಕೆಗೆ ಯೂನಿಟ್ ಗೋಡೌನ್ ಸಾಕು. ಶೂಟಿಂಗ್ ಇಲ್ಲದ ದಿನ ಪ್ಯಾಂಥರ್ ಡಾಲಿ (ಕ್ಯಾಮೆರಾ ಗಾಡಿ) ಬಿಚ್ಚಿ ಜೋಡಿಸಿ. ಕ್ಯಾಮೆರಾ ತಿರುಗಿಸುವ ಹೆಡ್ ಕೂರಿಸಲು ಬೇರೆ ಬೇರೆ ಬುಡಗಳಿವೆ: 100 ಎಂಎಂ ಬೌಲ್, 150 ಎಂಎಂ ಬೌಲ್, ಮಿಚೆಲ್ ಮೌಂಟ್. ಯಾವುದಕ್ಕೆ ಯಾವ ಹೆಡ್ ಕೂರುತ್ತದೆ ಅಂತ ಕಣ್ಣು ಮುಚ್ಚಿದರೂ ಗೊತ್ತಿರಬೇಕು. ಕಾರಿಗೆ ಕ್ಯಾಮೆರಾ ಕಟ್ಟುವ ಕಾರ್ ರಿಗ್ ಕಲಿಯಿರಿ, ಅದು ಬಲ್ಲವರು ಕಡಿಮೆ. ಎತ್ತರದಲ್ಲಿ ಹಾರ್ನೆಸ್ ಹಾಕಿ ಕೆಲಸ ಮಾಡುವ ತರಬೇತಿ ಮತ್ತು ಪ್ರಥಮ ಚಿಕಿತ್ಸೆ, ಈ ಎರಡಕ್ಕೆ ಮಾತ್ರ ದುಡ್ಡು ಕೊಟ್ಟಾದರೂ ಸರ್ಟಿಫಿಕೇಟ್ ಮಾಡಿಸಿ. ಒಂದು ನೋಟ್‌ಬುಕ್‌ನಲ್ಲಿ ಪ್ರತಿ ಶೂಟಿಂಗ್‌ನ ದಿನಾಂಕ, ಯಾವ ಕ್ರೇನ್, ಎಷ್ಟು ತೂಕ, ಯಾರು ಕ್ಯಾಮೆರಾಮನ್ ಅಂತ ಬರೆದಿಡಿ, ಮುಂದೆ ನಿಮ್ಮದೇ ರೇಟ್ ಹೇಳುವಾಗ ಅದೇ ನಿಮ್ಮ ಸರ್ಟಿಫಿಕೇಟ್.

ರೇಟ್ ವಿಷಯ ನೇರವಾಗಿ ಹೇಳುತ್ತೇನೆ. ಸಾಮಾನಿನ ಬಾಡಿಗೆ ಬೇರೆ, ನಿಮ್ಮ ದಿನದ ಕೂಲಿ ಬೇರೆ ಅಂತ ಬರಹದಲ್ಲಿ ಕೇಳಿ, ವಾಟ್ಸ್ಆ್ಯಪ್ ಮೆಸೇಜ್ ಆದರೂ ಪರವಾಗಿಲ್ಲ. ಕಾಲ್‌ಶೀಟ್ (ದಿನದ ಕೆಲಸದ ಅವಧಿ) ಎಷ್ಟು ಗಂಟೆಗೆ ಮುಗಿಯುತ್ತದೆ, ಆಮೇಲಿನ ಕೆಲಸಕ್ಕೆ ಎಷ್ಟು ಕೊಡುತ್ತಾರೆ, ಟೈಟಲ್‌ನಲ್ಲಿ ಹೆಸರು ಬರುತ್ತಾ, ಅದೂ ಆ ಬರಹದಲ್ಲೇ ಇರಲಿ. ಸಿನಿಮಾ ಕಾರ್ಮಿಕರಿಗೆ ಲಿಖಿತ ಒಪ್ಪಂದ ಬೇಕು ಅಂತ ಕೇಂದ್ರದ ಕಾಯ್ದೆ 1981ರಲ್ಲೇ ಹೇಳಿತ್ತು, ಹಾಗಾಗಿ ಕೇಳೋದಕ್ಕೆ ಸಂಕೋಚ ಬೇಡ. ವರ್ಷಕ್ಕೆ 20 ರೂಪಾಯಿಯ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಬ್ಯಾಂಕ್‌ನಲ್ಲಿ ಇವತ್ತೇ ಮಾಡಿಸಿ, ಅಪಘಾತಕ್ಕೆ 2 ಲಕ್ಷದ ತನಕ ರಕ್ಷಣೆ. ಇದು ಸಾಲದು, ಆದರೆ ಏನೂ ಇಲ್ಲದೆ ಕ್ರೇನ್ ಕೆಳಗೆ ನಿಲ್ಲಬೇಡಿ. ಸಿನಿಮಾ ಮತ್ತು ಸಾಂಸ್ಕೃತಿಕ ವಲಯದವರ ಕಲ್ಯಾಣಕ್ಕೆ 2024ರಲ್ಲಿ ರಾಜ್ಯದ ಕಾಯ್ದೆಯೂ ಬಂದಿದೆ, ಟಿಕೆಟ್ ಮೇಲಿನ ಸೆಸ್‌ನಿಂದ ನಿಧಿ ಕೂಡಿಸೋದು ಅದರ ಉದ್ದೇಶ. ಅದರಲ್ಲಿ ಹೆಸರು ಸೇರಿಸೋದು ಹೇಗೆ ಅಂತ ನಿಮ್ಮ ಸಂಘದಲ್ಲಿ ಕೇಳಿ. ಸಂಘದ ಸದಸ್ಯತ್ವ ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ.

ಪ್ರಶ್ನೆ: ನಾನು ಕಿರುಚಿತ್ರ ಮಾಡುತ್ತಿದ್ದೇನೆ. ಕ್ಯಾಮೆರಾ ಅಲುಗದಂತೆ ಹಿಡಿಯುವ ಗಿಂಬಲ್ ಇದ್ದಮೇಲೆ ಗ್ರಿಪ್ ಯಾಕೆ ಬೇಕು?

ಉತ್ತರ: ಗಿಂಬಲ್ ಕ್ಯಾಮೆರಾದ ಓಲಾಟ, ತಿರುಗಾಟ ತಡೆಯುತ್ತದೆ. ಹಿಡಿದವರ ಹೆಜ್ಜೆ ಜೊತೆ ಮೇಲೆ ಕೆಳಗೆ ಆಗುವ ಕುಲುಕಾಟವನ್ನು ಪೂರ್ತಿ ತಡೆಯಲ್ಲ. ಅದಕ್ಕೇ ದೊಡ್ಡ ಸೆಟ್‌ಗಳಲ್ಲಿ ಗಿಂಬಲ್ ಅನ್ನೇ ಡಾಲಿ ಮೇಲೆ, ಕ್ರೇನ್ ತುದಿಯಲ್ಲಿ ಕೂರಿಸುತ್ತಾರೆ. ನಿಮ್ಮ ಬಜೆಟ್ ಚಿಕ್ಕದಾದರೆ ಎಲ್ಲ ದಿನ ಕರೆಯಬೇಡಿ, ಟ್ರ್ಯಾಕ್ ಶಾಟ್‌ಗಳನ್ನೆಲ್ಲ ಒಂದೇ ದಿನಕ್ಕೆ ಇಟ್ಟುಕೊಂಡು ಆ ದಿನ ಒಬ್ಬ ಒಳ್ಳೆ ಗ್ರಿಪ್ ಕರೆಸಿ. ಲೊಕೇಶನ್ ನೋಡಲು ಹೋಗುವಾಗಲೇ ಅವರನ್ನೂ ಕರೆದುಕೊಂಡು ಹೋಗಿ.